ನೇರಳೆ ಮರದ ಬುಡದಲ್ಲಿ ಎರಡು ಕಡ್ಡಿ: ಟವರ್ ಇಲ್ಲದ ಊರಲ್ಲಿ ಮೊಬೈಲ್ ಬಳಸಿದ ನನ್ನ ಅನುಭವ

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿದೆ. ಸುತ್ತ ಗುಡ್ಡ, ನಡುವೆ ತೋಟ. ಮನೆಯೊಳಗೆ ಟವರ್ ಸಿಗುವುದಿಲ್ಲ, ಅಂಗಳದಲ್ಲೂ ಇಲ್ಲ. ಹಿಂದಿನ ಬ್ಯಾಣ, ಅಂದರೆ ಹುಲ್ಲಿನ ಗುಡ್ಡ, ಹತ್ತಿ ತುದಿಯ ನೇರಳೆ ಮರದ ಬುಡದಲ್ಲಿ ನಿಂತರೆ ಸಿಗ್ನಲ್ಲಿನ ಎರಡು ಕಡ್ಡಿ ಬರುತ್ತದೆ. ಮಳೆಗಾಲದಲ್ಲಿ ಅದೂ ಒಂದಾಗುತ್ತದೆ.

ಮೊದಮೊದಲು ನಾನು ಮಾಡುತ್ತಿದ್ದ ತಪ್ಪು ಏನೆಂದರೆ, ಪೇಟೆಯವರು ಬಳಸಿದ ಹಾಗೇ ಫೋನ್ ಬಳಸಲು ಹೋಗುತ್ತಿದ್ದೆ. ಮನೆಯ ಕಂಪ್ಯೂಟರಿನಲ್ಲಿ ಫಾರಂ ತುಂಬುವುದು, ಒಟಿಪಿ ಕೇಳಿದ ಕೂಡಲೇ ಬ್ಯಾಣಕ್ಕೆ ಓಡುವುದು, ಅಲ್ಲಿ ನಂಬರ್ ನೋಡಿಕೊಂಡು ಬಾಯಲ್ಲಿ ಜಪ ಮಾಡುತ್ತಾ ಇಳಿಯುವುದು, ಮನೆ ಮುಟ್ಟುವಷ್ಟರಲ್ಲಿ ಅದರ ಅವಧಿ ಮುಗಿದಿರುವುದು. ಒಂದು ಸಲ ಮಗಳನ್ನು ಮರದ ಹತ್ತಿರ ನಿಲ್ಲಿಸಿ, ನಡುವೆ ತೋಟದ ಕೆಲಸದವರೊಬ್ಬರನ್ನು ನಿಲ್ಲಿಸಿ, ಆರು ಅಂಕಿ ಕೂಗಿಸಿಕೊಂಡದ್ದೂ ಉಂಟು. ಊರಿಗೆಲ್ಲ ನಮ್ಮ ಒಟಿಪಿ ಕೇಳಿಸಿತು! "ಎಂತ ಮಾರಾಯ, ಕಾಡುಹಂದಿ ಓಡಿಸ್ತಿದ್ರಾ?" ಅಂತ ಆಚೆಮನೆಯ ಮಾವ ಸಂಜೆ ಕೇಳಿದರು.

ಆಮೇಲೆ ಕೂತು ಯೋಚಿಸಿದೆ. ಯಾವ ಕೆಲಸವಾದರೂ ಪೂರ್ತಿ ನೆಟ್ ಬೇಡುವುದಿಲ್ಲ. ಒಂದು ತುಂಡಿಗೆ ಮಾತ್ರ ಬೇಕು. ಆ ತುಂಡನ್ನು ಬೇರೆ ಮಾಡಿ ಪೇಟೆಯಲ್ಲೋ ಮರದ ಬುಡದಲ್ಲೋ ಮುಗಿಸಿಕೊಂಡರೆ ಉಳಿದದ್ದು ಜಗಲಿಯಲ್ಲಿ ಕೂತೇ ಆಗುತ್ತದೆ. ಕೆಳಗೆ ಬರೆದಿರುವುದೆಲ್ಲ ಹೀಗೆ ತುಂಡು ಮಾಡಿ ಕಲಿತದ್ದು.

ಒಟಿಪಿಯಿಂದಲೇ ಶುರು ಮಾಡುತ್ತೇನೆ. ಒಟಿಪಿ ಬರುವುದು ಮಾಮೂಲಿ ಎಸ್ಸೆಮ್ಮೆಸ್ಸಿನಲ್ಲಿ, ಅದಕ್ಕೆ ಇಂಟರ್ನೆಟ್ ಬೇಡ, ಟವರ್ ಇದ್ದರೆ ಸಾಕು. ನನ್ನ ಬ್ಯಾಂಕಿಗೂ ಆಧಾರ್‌ಗೂ ಕೊಟ್ಟಿದ್ದ ನಂಬರಿನ ಕಂಪನಿಗೆ ನಮ್ಮ ಕಡೆ ಸರಿಯಾದ ಟವರೇ ಇರಲಿಲ್ಲ. ಶಿವಮೊಗ್ಗದಲ್ಲಿ ಓದುವಾಗ ತಗೊಂಡ ಸಿಮ್ ಅದು. ಬ್ಯಾಂಕು, ಆಧಾರ್, ಗ್ಯಾಸು ಎಲ್ಲ ಕಡೆ ನಂಬರ್ ಬದಲಾಯಿಸುವ ರಗಳೆ ಯಾರಿಗೆ ಬೇಕು? ಅದರ ಬದಲು ಅದೇ ನಂಬರನ್ನು ಇಲ್ಲಿ ಟವರ್ ಇರುವ ಕಂಪನಿಗೆ ಪೋರ್ಟ್ ಮಾಡಿಸಿದೆ. PORT ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜು ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಕೊಟ್ಟರೆ ಆಯಿತು. ನಂಬರ್ ಹಳೆಯದೇ ಇರುತ್ತದೆ. ಇದೊಂದು ಕೆಲಸದಿಂದ ನನ್ನ ಅರ್ಧ ಓಟ ನಿಂತಿತು.

ಗೂಗಲ್ ಖಾತೆಯದು ಬೇರೆ ಕಥೆ. ಎರಡು ವರ್ಷದ ಹಿಂದೆ ಆಷಾಢದಲ್ಲಿ, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟುವಾಗ ಫೋನ್ ಹಳ್ಳಕ್ಕೆ ಬಿತ್ತು. ಹೊಸ ಫೋನ್ ತಂದೆ. ಖಾತೆ ತೆರೆಯಲು ಹೋದರೆ ಹಳೆಯ ಫೋನಿಗೆ ಬಂದ ಸೂಚನೆ ಒತ್ತಿ ಅನ್ನುತ್ತದೆ. ಅದು ಹಳ್ಳದಲ್ಲಿದೆ ಮಾರಾಯ್ರೇ! ಅವತ್ತು ಕೈಹಿಡಿದದ್ದು ಬ್ಯಾಕಪ್ ಕೋಡ್. ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ಎರಡು ಹಂತದ ಪರಿಶೀಲನೆ ಅಂತ ಇರುತ್ತದಲ್ಲ, ಅಲ್ಲಿ ಎಂಟು ಅಂಕಿಯ ಹತ್ತು ಕೋಡ್ ಕೊಡುತ್ತಾರೆ. ಒಂದೊಂದು ಒಂದೇ ಸಲ ನಡೆಯುತ್ತದೆ. ಹೆಂಡತಿ ಅದನ್ನು ಬರೆದು ಅಡಿಕೆ ಪಟ್ಟಿಯ ಫೈಲಿನಲ್ಲಿ ಇಟ್ಟಿದ್ದಳು. ನಾನಾಗಿದ್ದರೆ ಫೋನಿನಲ್ಲೇ ಫೋಟೋ ತೆಗೆದು ಇಡುತ್ತಿದ್ದೆ, ಫೋನಿನ ಜೊತೆ ಅದೂ ತೇಲಿ ಹೋಗುತ್ತಿತ್ತು. ಈಗ ಅಥೆಂಟಿಕೇಟರ್ ಆಪ್ ಕೂಡ ಹಾಕಿಕೊಂಡಿದ್ದೇನೆ. ಅದು ಗಡಿಯಾರದ ಲೆಕ್ಕದಲ್ಲಿ 30 ಸೆಕೆಂಡಿಗೊಂದು ಕೋಡ್ ಫೋನಿನ ಒಳಗೇ ಹುಟ್ಟಿಸುತ್ತದೆ, ಟವರೂ ಬೇಡ, ನೆಟ್ಟೂ ಬೇಡ. ಫೋನಿನ ಟೈಮ್ ಮಾತ್ರ ಸರಿ ಇರಬೇಕು.

ದುಡ್ಡಿನ ವಿಷಯಕ್ಕೆ ಬರೋಣ, ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ. ತೋಟದ ಔಷಧಿಗೆ ಮೈಲುತುತ್ತ ತರಲು ಹೋಗಿದ್ದೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದೆ, ಚಕ್ರ ತಿರುಗುತ್ತಲೇ ಇತ್ತು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಗಡಿಬಿಡಿಯಲ್ಲಿ ಇನ್ನೊಂದು ಆಪಿನಿಂದ ಮತ್ತೆ ಕಟ್ಟಿದೆ. ಸಂಜೆ ನೋಡಿದರೆ ಎರಡು ಸಲ ಕಟ್ ಆಗಿದೆ. ಒಂದು ಅಂಗಡಿಯವರಿಗೆ ಹೋಗಿದೆ, ಇನ್ನೊಂದು ಎಲ್ಲಿಗೂ ಹೋಗಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಬರುತ್ತೆ, ಕಾಯಿರಿ" ಅಂದರು. ಎಷ್ಟು ದಿನ ಅಂತ ಹೇಳಲಿಲ್ಲ. ಅದಕ್ಕೆ ನಿಯಮ ಇದೆ ಅಂತ ಆಮೇಲೆ ಗೊತ್ತಾಯಿತು. ರಿಸರ್ವ್ ಬ್ಯಾಂಕು 2019ರಲ್ಲೇ ಇದಕ್ಕೆ ಗಡುವು ಹಾಕಿದೆ. ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಅವರಿಗೆ ಮುಟ್ಟದೆ ನಮ್ಮ ಖಾತೆಯಿಂದ ಹೋಗಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು, ಅಂಗಡಿಗೆ ಕಟ್ಟಿದ್ದಾದರೆ 5 ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನನ್ನದು ಮೂರನೇ ದಿನಕ್ಕೆ ಬಂತು, ಪರಿಹಾರದ ಮಾತು ಬರಲಿಲ್ಲ. ದೂರು ಕೊಡುವಾಗ ಬೇಕಾಗುವುದು ಆ ವ್ಯವಹಾರದ 12 ಅಂಕಿಯ ನಂಬರ್. ಆಪಿನ ಹಿಸ್ಟರಿಯಲ್ಲಿ ಇರುತ್ತದೆ, ಅದನ್ನು ಬರೆದುಕೊಂಡೇ ಹೋಗಿ.

ಈಗ ನಾನು ಪೆಂಡಿಂಗ್ ಅಂತ ತೋರಿಸಿದರೆ ಮತ್ತೆ ಒತ್ತುವುದೇ ಇಲ್ಲ. ನಾಲ್ಕು ಜನ ಕಾಯಲಿ ಬಿಡಿ. ಸಣ್ಣ ಸಣ್ಣ ಖರ್ಚಿಗೆ ಯುಪಿಐ ಲೈಟ್ ಮಾಡಿಕೊಂಡಿದ್ದೇನೆ. ಪೇಟೆಯಲ್ಲಿ ನೆಟ್ ಚೆನ್ನಾಗಿರುವಾಗ ಅದಕ್ಕೆ ದುಡ್ಡು ತುಂಬಿಕೊಳ್ಳುವುದು, 5000 ರೂಪಾಯಿವರೆಗೆ ಇಡಬಹುದು, ಒಂದು ಸಲಕ್ಕೆ 1000 ರೂಪಾಯಿವರೆಗೆ ಪಿನ್ ಒತ್ತದೇ ಕಟ್ಟಬಹುದು. ನೆಟ್ ಬೇಕು, ನಿಜ. ಆದರೆ ಪ್ರತಿ ಸಲ ಬ್ಯಾಂಕಿನ ಸರ್ವರ್ ತನಕ ಹೋಗಿ ಬರುವ ಕೆಲಸ ಇಲ್ಲದ್ದರಿಂದ ಸಿಕ್ಕಿಕೊಳ್ಳುವುದು ಕಡಿಮೆ. ಪಿನ್ ಇಲ್ಲ ಅನ್ನುವುದೇ ಅಪಾಯ ಕೂಡ, ಹಾಗಾಗಿ ಫೋನಿಗೆ ಲಾಕ್ ಇಲ್ಲದವರು ಇದನ್ನು ಮಾಡಿಕೊಳ್ಳಬೇಡಿ.

ನೆಟ್ ಪೂರ್ತಿ ಇಲ್ಲ, ಬರೀ ಟವರ್ ಇದೆ ಅಂದಾಗ *99# ಇದೆ. ಬ್ಯಾಂಕಿಗೆ ಕೊಟ್ಟ ಸಿಮ್ಮಿನಿಂದ ಇದನ್ನು ಡಯಲ್ ಮಾಡಿದರೆ ಪಟ್ಟಿ ಬರುತ್ತದೆ, ಹಣ ಕಳಿಸುವುದು, ಬ್ಯಾಲೆನ್ಸ್ ನೋಡುವುದು ಎಲ್ಲ ನಂಬರ್ ಒತ್ತಿ ಮಾಡಬಹುದು. ಒಂದು ಸಲಕ್ಕೆ 5000 ರೂಪಾಯಿ ಮಿತಿ. ಎಲ್ಲ ಸಿಮ್ಮಿನಲ್ಲೂ ಒಂದೇ ಥರ ನಡೆಯುವುದಿಲ್ಲ, ಪೇಟೆಯಲ್ಲಿದ್ದಾಗಲೇ ಒಮ್ಮೆ ಪ್ರಯತ್ನಿಸಿ ನೋಡಿಕೊಳ್ಳಿ. ಇದರಲ್ಲಿ ಸ್ಕ್ಯಾನ್ ಮಾಡುವ ಹಾಗಿಲ್ಲವಲ್ಲ, ಅದಕ್ಕೆ ಎದುರಿನವರ ಮೊಬೈಲ್ ನಂಬರ್ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಯಾಕೆಂದರೆ ನಡುವೆ ನಂಬರ್ ಹುಡುಕುತ್ತಾ ಕೂತರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಡಿಕೆ ಕೊನೆ (ಗೊನೆ) ಕೊಯ್ಲಿನ ವಾರದಲ್ಲಿ ಅದನ್ನು ಕೊಯ್ಯುವ ಕೊನೆಗಾರರಿಗೆ ಮರದ ಬುಡದಿಂದಲೇ ಹೀಗೆ ಕಳಿಸಿದ್ದೇನೆ.

ಮ್ಯಾಪ್ ವಿಷಯದಲ್ಲಿ ಜನರಿಗೆ ಒಂದು ತಪ್ಪು ಕಲ್ಪನೆ ಇದೆ, ನನಗೂ ಇತ್ತು. ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಅಂತ. ಹಾಗಲ್ಲ. ಜಾಗ ಗೊತ್ತಾಗುವುದು ಉಪಗ್ರಹದಿಂದ, ನೆಟ್ ಬೇಕಾಗಿರುವುದು ನಕ್ಷೆಯ ಚಿತ್ರ ತರಿಸಲು ಮಾತ್ರ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಚಿತ್ರ ಒತ್ತಿದರೆ ಆಫ್‌ಲೈನ್ ಮ್ಯಾಪ್ ಅಂತ ಸಿಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಬರುವ ಹಾಗೆ ಚೌಕ ಎಳೆದು ಡೌನ್‌ಲೋಡ್ ಮಾಡಿಕೊಂಡರೆ ಆಗುಂಬೆ ಘಾಟಿಯ ನಡುವೆಯೂ ನೀಲಿ ಚುಕ್ಕಿ ಓಡುತ್ತಿರುತ್ತದೆ. ಕಾರಿನ ದಾರಿ ತೋರಿಸುತ್ತದೆ, ಟ್ರಾಫಿಕ್ ತೋರಿಸುವುದಿಲ್ಲ, ನಮ್ಮ ಕಡೆ ಟ್ರಾಫಿಕ್ ಅಂದರೆ ದನಗಳು ಬಿಡಿ.

ಮಗಳ ಆರತಿಗೆ ಬೆಂಗಳೂರಿಂದ ಬಂದ ಭಾವನವರನ್ನು ಮಾತ್ರ ಈ ಮ್ಯಾಪು ಹಳೆಯ ಗಾಡಿದಾರಿಗೆ ಇಳಿಸಿತ್ತು. ಅದಕ್ಕೆ ಈಗ ನಾನು ಮನೆಯ ಲೊಕೇಷನ್ ಒಂದನ್ನೇ ಕಳಿಸುವುದಿಲ್ಲ. ಡಾಂಬರು ರಸ್ತೆಯಿಂದ ತಿರುಗುವ ಜಾಗದ ಲೊಕೇಷನ್ ಬೇರೆ, ಮನೆಯದು ಬೇರೆ, ಜೊತೆಗೆ "ಬಸ್ ಸ್ಟ್ಯಾಂಡ್ ಆದ ಮೇಲೆ ಎಡಕ್ಕೆ, ಮುಂದೆ ನೆಟ್ ಇರುವುದಿಲ್ಲ" ಅಂತ ಬರೆದು ಕಳಿಸುತ್ತೇನೆ.

ಇದೇ ಜಿಪಿಎಸ್ ನಂಬಿ ನಡೆಯುವ ಇನ್ನೆರಡು ಆಪ್ ರೈತರಿಗೆ ಬೇಕಾದದ್ದು. ಒಂದು ದಿಶಾಂಕ್. ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ತುಂಬಾ ಒಳ್ಳೆಯದು, ಆದರೆ ಅಡಿಕೆ ಸೋಗೆಯ ಕೆಳಗೆ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಹೋಗುತ್ತದೆ. ಅದನ್ನು ಹಿಡಿದುಕೊಂಡು ಬೇಲಿ ಜಗಳಕ್ಕೆ ಹೋಗಬೇಡಿ. ಗಡಿ ಹೇಳಬೇಕಾದವರು ಸರ್ವೆಯವರೇ. ಇನ್ನೊಂದು ರೈತರೇ ಮಾಡುವ ಬೆಳೆ ಸಮೀಕ್ಷೆಯದು. ಇದು ನಾನು ಹೇಳಿದ ತುಂಡು ಮಾಡುವ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪೇಟೆಯಲ್ಲಿ ನಮ್ಮ ಊರಿನ ಮಾಹಿತಿ ಇಳಿಸಿಕೊಳ್ಳುವುದು, ತೋಟದಲ್ಲಿ ನಿಂತು ಫೋಟೋ ತೆಗೆಯುವುದು, ಮತ್ತೆ ನೆಟ್ ಇರುವಲ್ಲಿ ಅಪ್‌ಲೋಡ್ ಮಾಡುವುದು. ಮೊದಲ ವರ್ಷ ನಾನು ಬರೀ ಅಡಿಕೆ ಅಂತ ಹಾಕಿ ಬಂದಿದ್ದೆ. ಕಾಳುಮೆಣಸು ಬಿಟ್ಟುಹೋಯಿತು. ಮಿಶ್ರ ಬೆಳೆ ಸೇರಿಸುವ ಜಾಗ ಇದೆ, ಮರೆಯಬೇಡಿ, ಪಹಣಿಯಲ್ಲಿ ಬೆಳೆ ಸರಿ ಇಲ್ಲದಿದ್ದರೆ ವಿಮೆ ಹೊತ್ತಿಗೆ ಓಡಾಟ ಬೀಳುತ್ತದೆ. ಇನ್ನೊಂದು, ಅಪ್‌ಲೋಡ್ ಆಯಿತು ಅಂತ ಕಣ್ಣಾರೆ ನೋಡುವ ತನಕ ಆಪ್ ತೆಗೆದುಹಾಕಬೇಡಿ. ಫೋನ್ ತುಂಬಿತು ಅಂತ ಪಕ್ಕದೂರಿನವರೊಬ್ಬರು ಹಾಗೆ ಮಾಡಿ ಪೂರ್ತಿ ಮತ್ತೆ ತೋಟ ಸುತ್ತಿದರು.

ಮಳೆ ಆಪ್‌ಗಳ ಬಗ್ಗೆ ಎರಡೇ ಮಾತು. ಮೇಘದೂತ್‌ನಲ್ಲಿ ಮಂಗಳವಾರ, ಶುಕ್ರವಾರ ರೈತರಿಗೆ ಸಲಹೆ ಬರುತ್ತದೆ, ಕನ್ನಡದಲ್ಲೂ ಇದೆ. ಸಿಡಿಲಿಗೆ ದಾಮಿನಿ ಇದೆ, ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ನೇರಳೆ ಮರದ ಬುಡಕ್ಕೆ ಹೋಗುವ ಮುಂಚೆ ಅಂಗಳದಲ್ಲಿ ಆಕಾಶವನ್ನೇ ನೋಡುತ್ತೇನೆ, ಯಾಕೆಂದರೆ ದಾಮಿನಿ ನೋಡಲು ಆ ಮರದ ಬುಡಕ್ಕೇ ಹೋಗಬೇಕಲ್ವಾ! ಔಷಧಿ ಹೊಡೆಯಲು ಹೊಳವು, ಅಂದರೆ ಮಳೆಯ ಬಿಡುವು, ಯಾವಾಗ ಅಂತ ಅಪ್ಪಯ್ಯನನ್ನೇ ಕೇಳುತ್ತೇನೆ. ಐದು ಕಿಲೋಮೀಟರಿಗೊಂದು ಮಳೆ ನಮ್ಮಲ್ಲಿ, ಆಪಿನದು ತಪ್ಪಲ್ಲ.

ವಾಟ್ಸಾಪಿನಲ್ಲಿ ನಾನು ಮೊದಲು ಮಾಡಿದ್ದು, ಸ್ಟೋರೇಜ್ ಮತ್ತು ಡೇಟಾ ಅನ್ನುವಲ್ಲಿ ಹೋಗಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿದ್ದು. ಇಲ್ಲದಿದ್ದರೆ ಮರದ ಬುಡಕ್ಕೆ ಹೋದ ಕೂಡಲೇ ಇದ್ದ ಎರಡು ಕಡ್ಡಿಯನ್ನೂ ಶುಭೋದಯದ ಗುಲಾಬಿ ಹೂವುಗಳೇ ತಿಂದುಹಾಕುತ್ತವೆ. ಪಹಣಿ, ಪಟ್ಟಿ, ಅಂಕಪಟ್ಟಿ ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಅಕ್ಷರ ಮಸುಕಾಗುವುದಿಲ್ಲ. ಮತ್ತೆ, ನೆಟ್ ಇಲ್ಲದಾಗ ಬರೆದ ಮೆಸೇಜು ಗಡಿಯಾರದ ಗುರುತು ಹಾಕಿಕೊಂಡು ಕಾಯುತ್ತಿರುತ್ತದೆ, ಟವರ್ ಸಿಕ್ಕಾಗ ತಾನೇ ಹೋಗುತ್ತದೆ. ರಾತ್ರಿ ಎಲ್ಲರಿಗೂ ಬರೆದಿಟ್ಟು, ಬೆಳಿಗ್ಗೆ ಹಾಲು ಹಾಕಲು ಹೋಗುವಾಗ ಫೋನ್ ಜೇಬಿನಲ್ಲಿಟ್ಟುಕೊಂಡರೆ ಸಾಕು. ನನ್ನ ಟಪಾಲು ಹೋಗುವುದು ಹಾಗೇ.

ಆದರೆ ವಾಟ್ಸಾಪಿನಲ್ಲೇ ಒಮ್ಮೆ ಸ್ವಲ್ಪದರಲ್ಲಿ ತಪ್ಪಿತು. ಮದುವೆ ಸೀಸನ್. ಪರಿಚಯದವರ ನಂಬರಿನಿಂದಲೇ ಮದುವೆ ಕರೆಯೋಲೆ ಬಂದಿತ್ತು. ಒತ್ತಿದೆ, ಇಳಿಯಲಿಲ್ಲ, ಟವರ್ ಹೋಗಿತ್ತು. ಮನೆಗೆ ಬಂದು ನೋಡಿದರೆ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದೆ. ಕರೆಯೋಲೆ ಅಂದರೆ ಚಿತ್ರವೋ ಪಿಡಿಎಫ್ಫೋ ಆಗಿರಬೇಕು, ಎಪಿಕೆ ಅಂದರೆ ಅದು ಆಪು. ಹಾಕಿಕೊಂಡರೆ ನಮ್ಮ ಎಸ್ಸೆಮ್ಮೆಸ್ಸು ಓದಿ ಒಟಿಪಿ ಕದಿಯುತ್ತದೆ. ಅವರಿಗೆ ಫೋನ್ ಮಾಡಿದರೆ ಅವರ ಮನೆಯಲ್ಲಿ ಮದುವೆಯೇ ಇಲ್ಲ, ಅವರ ವಾಟ್ಸಾಪನ್ನೇ ಯಾರೋ ಹಿಡಿದಿದ್ದರು. ಕೆಟ್ಟ ಟವರಿನಿಂದ ಆದ ಒಂದೇ ಉಪಕಾರ ಇದು. ಅವತ್ತೇ ವಾಟ್ಸಾಪಿಗೆ ಎರಡು ಹಂತದ ಪಿನ್ ಹಾಕಿಸಿದೆ, ಮನೆಯ ನಾಲ್ಕೂ ಫೋನಿಗೆ. ಹಣ ಹೋಗಿಯೇ ಬಿಟ್ಟರೆ 1930ಕ್ಕೆ ಆ ಗಳಿಗೆಯಲ್ಲೇ ಫೋನ್ ಮಾಡಬೇಕು, ತಡವಾದಷ್ಟೂ ದುಡ್ಡು ಕೈಯಿಂದ ಕೈಗೆ ದಾಟುತ್ತದೆ. ಈ ನಂಬರನ್ನು ಅಪ್ಪಯ್ಯನ ಪಂಚಾಂಗದ ರಟ್ಟಿನ ಮೇಲೆ ದಪ್ಪಕ್ಕೆ ಬರೆದಿದ್ದೇನೆ.

ಡಿಜಿಲಾಕರ್ ಬಗ್ಗೆ ಕೇಳುವವರು ಜಾಸ್ತಿ. ಲೈಸೆನ್ಸು, ಆರ್‌ಸಿ ಅದರಲ್ಲಿದ್ದರೆ ಅಸಲಿ ಅಂತಲೇ ಲೆಕ್ಕ, ಆದರೆ ಇಲಾಖೆಯಿಂದ ನೇರ ಬಂದ ದಾಖಲೆಗೆ ಮಾತ್ರ ಆ ಬೆಲೆ. ನಾವೇ ಫೋಟೋ ತೆಗೆದು ಹಾಕಿದ್ದಕ್ಕೆ ಇಲ್ಲ. ಘಾಟಿಯಲ್ಲಿ ನೆಟ್ ಇರುವುದಿಲ್ಲವಲ್ಲ, ಹೊರಡುವ ಮುಂಚೆ ಪಿಡಿಎಫ್ ಇಳಿಸಿಕೊಂಡಿರುತ್ತೇನೆ. ಕಾರ್ಡೂ ಜೀಪಿನಲ್ಲೇ ಇದೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ನಮ್ಮ ಮನೆ ತನಕ ಫೈಬರ್ ಕೇಬಲ್ ಬಂತು. ವೈಫೈ ಬಂದ ಮೇಲೂ ಎರಡು ತಿಂಗಳು ನಾನು ಫೋನ್ ಮಾಡಲು ಬ್ಯಾಣಕ್ಕೇ ಹೋಗುತ್ತಿದ್ದೆ, ನಗಬೇಡಿ. ಫೋನಿನ ಸಿಮ್ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಅಂತ ಒಂದು ಗುಂಡಿ ಇದೆ, ಅದನ್ನು ಆನ್ ಮಾಡಿದರೆ ಟವರ್ ಇಲ್ಲದಿದ್ದರೂ ಮಾಮೂಲಿ ಕರೆ ವೈಫೈ ಮೇಲೇ ಬರುತ್ತದೆ, ನನ್ನ ಸಿಮ್ಮಿಗೆ ಒಟಿಪಿಯೂ ಬರುತ್ತದೆ. ಬೇರೆ ಆಪ್ ಬೇಡ. ನಿಮ್ಮ ಫೋನಿನಲ್ಲಿ, ನಿಮ್ಮ ಕಂಪನಿಯಲ್ಲಿ ಇದೆಯೋ ನೋಡಿಕೊಳ್ಳಿ. ಕರೆಂಟು ಹೋದರೆ ಮೋಡೆಮ್ಮೂ ಸಾಯುತ್ತದೆ, ಅದಕ್ಕೆ 12 ವೋಲ್ಟಿನ ಸಣ್ಣ ಯುಪಿಎಸ್ ಪೆಟ್ಟಿಗೆ ಸಿಗುತ್ತದೆ, ನಮ್ಮದು ಮೂರು ತಾಸು ಎಳೆಯುತ್ತದೆ. ತಗೊಳ್ಳುವಾಗ ಮೋಡೆಮ್ಮಿನ ಅಡಾಪ್ಟರ್ ಜೊತೆಗೇ ಹಿಡಿದುಕೊಂಡು ಹೋಗಿ, ಪಿನ್ನಿನ ಅಳತೆ ಬೇರೆಯಾದರೆ ಮತ್ತೆ ಪೇಟೆಗೆ ಹೋಗಬೇಕು. ನಾನು ಹೋಗಿದ್ದೆ.

ಮೊನ್ನೆ ಗಾಳಿಗೆ ದೂಪದ ಮರ ಬಿದ್ದು ಕೇಬಲ್ ಹರಿದಿದೆ. ಲೈನಿನವರು ಸೋಮವಾರ ಬರುತ್ತೇನೆ ಅಂದಿದ್ದಾರೆ. ಅಲ್ಲಿಯತನಕ ನನ್ನನ್ನು ಹುಡುಕುವವರು ಸಂಜೆ ಐದರಿಂದ ಆರರೊಳಗೆ ಫೋನ್ ಮಾಡಿ, ಮರದ ಬುಡದಲ್ಲಿರುತ್ತೇನೆ.