ಪಟ್ಟಿ ಸಾಕೋ, ಬೋರ್ಡ್ ಬೇಕೋ, ಗ್ಯಾಂಟ್ ಬೇಕೋ: ಕೆಲಸ ನೋಡಿ ಸಾಫ್ಟ್‌ವೇರ್ ಆರಿಸುವ ಬಗೆ

ಸಾಫ್ಟ್‌ವೇರ್ ಹುಡುಕುವ ಮೊದಲು ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ. ಮುಂದಿನ ಹದಿನೈದು ದಿನದಲ್ಲಿ ಆಗಲೇಬೇಕಾದ ಇಪ್ಪತ್ತು ಕೆಲಸ ಬರೆಯಿರಿ. ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಶುರುವಾಗಬೇಕಾದರೆ ಇನ್ನೊಂದು ಕೆಲಸ ಮುಗಿದಿರಬೇಕೇ? ಹೌದು ಅನ್ನಿಸಿದಲ್ಲಿ ಆ ಕೆಲಸದಿಂದ ಇದಕ್ಕೆ ಒಂದು ಬಾಣ ಎಳೆಯಿರಿ.

ಬಾಣಗಳು ಎರಡು ಮೂರಕ್ಕೇ ನಿಂತರೆ ನಿಮಗೆ ಬೇಕಿರುವುದು ಬರೀ ಪಟ್ಟಿ. ಕೆಲಸಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಎಲ್ಲವೂ ಒಂದೇ ಮೆಟ್ಟಿಲು ಹತ್ತಿ ಹೋಗುತ್ತವೆ ಅಂದರೆ ಬೋರ್ಡ್, ಹಂತಕ್ಕೊಂದು ಕಾಲಂ ಇರುವ ಹಲಗೆ. ಹಾಳೆಯ ತುಂಬ ಬಾಣ ಹೆಣೆದುಕೊಂಡು ಯಾವುದು ಎಲ್ಲಿಂದ ಬಂತು ತಿಳಿಯದಂತಾದರೆ ಗ್ಯಾಂಟ್ ಚಾರ್ಟ್, ಕೆಲಸಗಳನ್ನು ತಾರೀಖಿನ ಉದ್ದಕ್ಕೂ ಪಟ್ಟೆಗಳಾಗಿ ತೋರಿಸುವ ನಕ್ಷೆ. ಹತ್ತಕ್ಕೆ ಏಳು ಜನರಿಗೆ ಪಟ್ಟಿಯೇ ಸಾಕು ಎಂಬುದು ನಮ್ಮ ಅಂದಾಜು. ದೊಡ್ಡದನ್ನು ಹಾಕಿಕೊಂಡು ಎರಡು ವಾರಕ್ಕೆ ಬಿಟ್ಟು, ಮತ್ತೆ ಡೈರಿಗೆ ಮರಳುವವರೇ ಹೆಚ್ಚು.

ಪಟ್ಟಿಯ ಕೆಲಸ

ಯಾದಗಿರಿಯ ಒಬ್ಬ ತೆರಿಗೆ ಸಲಹೆಗಾರರ ಕಚೇರಿ ಅಂದುಕೊಳ್ಳಿ. ತಿಂಗಳು ತಿಂಗಳು ರಿಟರ್ನ್ ಹಾಕುವ ಗಿರಾಕಿಗಳಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮರುತಿಂಗಳ 11ಕ್ಕೆ, ತೆರಿಗೆಯ ಒಟ್ಟು ಲೆಕ್ಕದ ಜಿಎಸ್‌ಟಿಆರ್-3ಬಿ 20ಕ್ಕೆ, ಟಿಡಿಎಸ್ (ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ಕಟ್ಟುವುದು 7ಕ್ಕೆ. ಒಬ್ಬ ಗಿರಾಕಿಯ ಕೆಲಸಕ್ಕೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ. ಇಲ್ಲಿ ಬೇಕಿರುವುದು ಎರಡೇ: ತಾನಾಗಿ ಮರಳಿ ಬರುವ ಕೆಲಸ, ಮತ್ತು ಮೊದಲೇ ಎಚ್ಚರಿಸುವ ಗಂಟೆ.

ಮೈಕ್ರೋಸಾಫ್ಟ್ ಟು ಡೂ ಇದಕ್ಕೆ ಸಾಕು. ಉಚಿತ, ವಿಂಡೋಸ್ ಸ್ಟೋರಿನಿಂದ ಇಳಿಸಿಕೊಳ್ಳಬಹುದು, ನೆಟ್ ಇಲ್ಲದಾಗ ಬರೆದದ್ದು ನೆಟ್ ಬಂದಾಗ ಮೊಬೈಲಿಗೂ ಹೋಗುತ್ತದೆ. ಪ್ರತಿ ಗಿರಾಕಿಗೆ ಒಂದು ಪಟ್ಟಿ ಮಾಡಬೇಡಿ, ನಲವತ್ತು ಪಟ್ಟಿಗಳಲ್ಲಿ ಇವತ್ತಿನದು ಯಾವುದು ಅಂತ ಕಾಣುವುದಿಲ್ಲ. ‘ಜಿಎಸ್‌ಟಿ’, ‘ಟಿಡಿಎಸ್’, ‘ಇತರೆ’ ಎಂದು ಮೂರು ಪಟ್ಟಿ ಸಾಕು. ಗಿರಾಕಿಯ ಹೆಸರು ಕೆಲಸದ ಶುರುವಿನಲ್ಲಿರಲಿ. ಗಡುವಿನ ಜಾಗದಲ್ಲಿ 11 ಹಾಕಬೇಡಿ, 8 ಹಾಕಿ. ಬಿಲ್ಲು ತಂದುಕೊಡದ ಗಿರಾಕಿಗೆ ಮೂರು ದಿನ ಬೆನ್ನು ಹತ್ತಬೇಕಾಗುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಟು ಡೂನಲ್ಲಿ ‘ತಿಂಗಳಿಗೊಮ್ಮೆ’ ಎಂದು ಇಟ್ಟ ಕೆಲಸದ ಮುಂದಿನ ಸರತಿ ಹುಟ್ಟುವುದು ಈಗಿನದಕ್ಕೆ ಟಿಕ್ ಹಾಕಿದ ಮೇಲೆಯೇ. ರಿಟರ್ನ್ ಸಲ್ಲಿಸಿ ಟಿಕ್ ಹಾಕಲು ಮರೆತರೆ ಮುಂದಿನ ತಿಂಗಳದ್ದು ಕಾಣಿಸುವುದೇ ಇಲ್ಲ, ಹಳೆಯದು ಮಾತ್ರ ಕೆಂಪಾಗಿ ಕೂತಿರುತ್ತದೆ. ಹಾಗಾಗಿ ಸಲ್ಲಿಸಿದ ಕೂಡಲೇ, ಎದ್ದು ಚಹಾಕ್ಕೆ ಹೋಗುವ ಮೊದಲೇ ಟಿಕ್. ‘ಮೈ ಡೇ’ ಎಂಬ ಪುಟ ರಾತ್ರಿ ಖಾಲಿಯಾಗುತ್ತದೆ. ಕೆಲಸ ಅಳಿದಿರುವುದಿಲ್ಲ, ತನ್ನ ಪಟ್ಟಿಯಲ್ಲೇ ಇರುತ್ತದೆ. ಗಾಬರಿ ಬೇಡ.

ಟುಡೂಯಿಸ್ಟ್ ಇದಕ್ಕಿಂತ ನುಣುಪು, ಆದರೆ ಉಚಿತ ಯೋಜನೆಯಲ್ಲಿ ಐದೇ ಪ್ರಾಜೆಕ್ಟ್. ಯಾವ ಖಾತೆಯನ್ನೂ ತೆರೆಯದೆ, ಮಾಹಿತಿ ತನ್ನ ಕಂಪ್ಯೂಟರಿನಲ್ಲೇ ಇರಲಿ ಅನ್ನುವವರಿಗೆ ಸೂಪರ್ ಪ್ರೊಡಕ್ಟಿವಿಟಿ ಎಂಬ ಮುಕ್ತ ತಂತ್ರಾಂಶವಿದೆ. ಲಿನಕ್ಸಿನಲ್ಲೂ ನಡೆಯುತ್ತದೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತಲೂ ಲೆಕ್ಕ ಇಡುತ್ತದೆ.

ಬೋರ್ಡಿನ ಕೆಲಸ

ಲಗ್ನಪತ್ರಿಕೆ, ಬ್ಯಾನರ್ ಮಾಡುವ ಡಿಟಿಪಿ ಅಂಗಡಿ. ಬೀದರಿನ ಬಿದರಿ ಕೆಲಸದ ಕಾರ್ಖಾನೆ. ಎರಡರಲ್ಲೂ ಪ್ರತಿ ಆರ್ಡರ್ ಒಂದೇ ದಾರಿಯಲ್ಲಿ ನಡೆಯುತ್ತದೆ. ಬಿದರಿಯಲ್ಲಿ ಎರಕ, ಕೆತ್ತನೆ, ಬೆಳ್ಳಿ ತಂತಿ ಕೂರಿಸುವುದು, ಕೋಟೆಯ ಮಣ್ಣಿನಲ್ಲಿ ಕಪ್ಪೇರಿಸುವುದು. ಅಂಗಡಿಯಲ್ಲಿ ಡಿಸೈನ್, ಪ್ರೂಫ್, ಪ್ರಿಂಟ್. ಇಂಥ ಕಡೆ ಟ್ರೆಲ್ಲೋದಂಥ ಬೋರ್ಡ್ ಚೆನ್ನ. ಉದ್ದುದ್ದ ಕಾಲಂಗಳು, ಅವುಗಳಲ್ಲಿ ಆರ್ಡರಿಗೊಂದು ಕಾರ್ಡ್. ಕೆಲಸ ಮುಂದೆ ಹೋದಂತೆ ಕಾರ್ಡನ್ನು ಎಳೆದು ಪಕ್ಕಕ್ಕೆ ಹಾಕುವುದು. ಉಚಿತ ಯೋಜನೆಯಲ್ಲಿ ಒಂದು ವರ್ಕ್‌ಸ್ಪೇಸಿಗೆ ಹತ್ತು ಬೋರ್ಡ್, ಹತ್ತು ಜನ. ಸಣ್ಣ ಅಂಗಡಿಗೆ ಧಾರಾಳವಾಯಿತು.

ಕಾಲಂ ಮಾಡುವಾಗ ನಿಮ್ಮ ಕೈಯಲ್ಲಿರುವ ಕೆಲಸವನ್ನೂ ಬೇರೆಯವರ ಕೈಯಲ್ಲಿರುವುದನ್ನೂ ಬೆರೆಸಬೇಡಿ. ‘ಪ್ರೂಫ್’ ಎಂಬ ಒಂದೇ ಕಾಲಂ ಇದ್ದರೆ ಅದರಲ್ಲಿ ಹದಿನೈದು ಕಾರ್ಡ್ ತುಂಬಿ, ತಪ್ಪು ನಿಮ್ಮದೋ ಗಿರಾಕಿಯದೋ ಗೊತ್ತಾಗುವುದಿಲ್ಲ. ‘ಪ್ರೂಫ್ ಮಾಡಬೇಕು’, ‘ಗಿರಾಕಿ ಒಪ್ಪಿಗೆ ಬಾಕಿ’ ಎಂದು ಎರಡು ಮಾಡಿ. ಎರಡನೆಯದರಲ್ಲಿ ಕಾರ್ಡ್ ಎರಡು ದಿನ ಕೂತರೆ ಫೋನ್ ಹಚ್ಚಿ. ಇನ್ನು ‘ಡಿಸೈನ್’ ಕಾಲಮ್ಮಿನಲ್ಲಿ ಆಪರೇಟರ್ ಒಬ್ಬನಿಗೆ ಮೂರು ಕಾರ್ಡಿಗಿಂತ ಹೆಚ್ಚು ಬಿಡಬಾರದು. ಲಗ್ನದ ದಿನಗಳಲ್ಲಿ ಎಲ್ಲರದೂ ಅರ್ಜೆಂಟೇ; ಮಿತಿ ಇಲ್ಲದಿದ್ದರೆ ಎಲ್ಲವೂ ಅರ್ಧರ್ಧ ಆಗುತ್ತವೆ, ಒಂದೂ ಮುಗಿಯುವುದಿಲ್ಲ.

ಬಾಣಗಳ ಕೆಲಸ

ಮನೆ ಕಟ್ಟುವುದು ಇದಕ್ಕೆ ಒಳ್ಳೆಯ ಉದಾಹರಣೆ. ಗ್ಯಾಂಟ್ ಚಾರ್ಟ್ ಅಂದರೆ ಎಡಕ್ಕೆ ಕೆಲಸಗಳ ಹೆಸರು, ಬಲಕ್ಕೆ ತಾರೀಖಿನ ಉದ್ದಕ್ಕೂ ಪಟ್ಟೆಗಳು, ಪಟ್ಟೆಯಿಂದ ಪಟ್ಟೆಗೆ ಬಾಣ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ ಹೆಸರು ಅದಕ್ಕೆ ಅಂಟಿದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಈ ಜಾತಿಯದೇ, ಆದರೆ ದುಡ್ಡು ಕೊಡಬೇಕು. ಒಬ್ಬ ಗುತ್ತೇದಾರ, ಎರಡು ಮೂರು ಸೈಟ್ ಅಂದರೆ ಗ್ಯಾಂಟ್‌ಪ್ರಾಜೆಕ್ಟ್ ಎಂಬ ಮುಕ್ತ ತಂತ್ರಾಂಶ ಸಾಕು: ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ನೆಟ್ ಬೇಡ, ಇಡೀ ಯೋಜನೆ ನಿಮ್ಮ ಡಿಸ್ಕಿನಲ್ಲಿ ಒಂದೇ ಫೈಲ್. ಎಂಜಿನಿಯರ್ ಕಡೆಯಿಂದ ಎಂಪಿಪಿ ಫೈಲ್ (ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಫೈಲ್) ಬರುವುದಿದ್ದರೆ ಪ್ರಾಜೆಕ್ಟ್‌ಲಿಬ್ರೆ ಅದನ್ನು ತೆರೆಯುತ್ತದೆ, ಅದೂ ಉಚಿತ.

ಕಲಬುರಗಿಯಲ್ಲಿ ಒಂದು ಅಂತಸ್ತಿನ ಸ್ಲ್ಯಾಬ್ ಹಿಡಿಯೋಣ. ಕೆಲಸ, ದಿನ ಹೀಗೆ ತುಂಬಿ: ಸೆಂಟ್ರಿಂಗ್ 6, ರಾಡ್ ಕಟ್ಟುವುದು 4, ಕರೆಂಟಿನ ಪೈಪ್ ಹಾಕುವುದು 1, ಕಾಂಕ್ರೀಟ್ 1, ನೀರು ಹೊಡೆಯುವುದು 12, ಸೆಂಟ್ರಿಂಗ್ ಬಿಚ್ಚುವುದು 2. ಒಟ್ಟು 26. ಜೊತೆಗೆ ಬಡಿಗರಿಂದ ಬಾಗಿಲು-ಕಿಟಕಿ ಚೌಕಟ್ಟು 10 ದಿನ. ಇದಕ್ಕೆ ಹಿಂದಿನ ಯಾವ ಬಾಣವೂ ಬೇಡ.

ನೀರು ಹೊಡೆಯುವುದಕ್ಕೆ 12 ಏಕೆ? ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಬಿಸಿ, ಒಣ ಹವೆಯಲ್ಲಿ ಕನಿಷ್ಠ 10 ದಿನ ತೇವ ಇಡಬೇಕೆನ್ನುತ್ತದೆ. ಪಿಪಿಸಿಯಂಥ ಮಿಶ್ರ ಸಿಮೆಂಟಾದರೆ 14 ದಿನಕ್ಕೆ ಏರಿಸಲು ಶಿಫಾರಸು ಮಾಡುತ್ತದೆ. ನಮ್ಮ ಬೇಸಿಗೆಗೆ 14 ಹಿಡಿಯುವುದೇ ಸರಿ. ಆದರೆ ತಂತ್ರಾಂಶಕ್ಕೆ ಭಾನುವಾರ ರಜೆ ಎಂದು ಹೇಳಿದ್ದರೆ ಅದು ‘14 ದಿನ’ವನ್ನು 14 ಕೆಲಸದ ದಿನ ಎಂದು ಓದಿ, ಕ್ಯಾಲೆಂಡರಿನಲ್ಲಿ 16ಕ್ಕೆ ಎಳೆಯುತ್ತದೆ. ಗೌಂಡಿಗೆ ರಜೆ ಇದ್ದರೂ ಸಿಮೆಂಟಿಗೆ ರಜೆ ಇಲ್ಲ. ಆದ್ದರಿಂದ 12 ಬರೆಯಿರಿ, ನಡುವೆ ಹಬ್ಬದ ರಜೆ ಬಂದರೆ ಇನ್ನೊಂದು ಕಳೆಯಿರಿ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಇದ್ದವರು ಅವಧಿಯ ಜಾಗದಲ್ಲಿ 14 ಬರೆದು ಮುಂದೆ ಇಂಗ್ಲಿಷಿನ ‘ಇ’, ‘ಡಿ’ ಅಕ್ಷರ ಹಾಕಿದರೆ ರಜೆ ಲೆಕ್ಕಕ್ಕೆ ಬರುವುದಿಲ್ಲ. ಕಂಬಗಳ ನಡುವಿನ ಅಗಲ ನಾಲ್ಕೂವರೆ ಮೀಟರಿಗಿಂತ ಹೆಚ್ಚಿದ್ದರೆ ಆಸರೆ ಬಿಚ್ಚಲೂ 14 ದಿನವೇ ಬೇಕು; ಹಾಗಾಗಿ ಇಲ್ಲಿ ಎರಡು ಲೆಕ್ಕವೂ ಒಂದೇ ಕಡೆ ಕೂಡುತ್ತವೆ.

ಈಗ ಗ್ಯಾಂಟ್‌ಪ್ರಾಜೆಕ್ಟಿನಲ್ಲಿ ಕೊಂಡಿ ಹಾಕುವುದು, ಅಂದರೆ ಬಾಣ ಎಳೆಯುವುದು. ಕೆಲಸದ ಪ್ರಾಪರ್ಟೀಸ್ ತೆರೆದರೆ ‘ಪ್ರೆಡಿಸೆಸರ್ಸ್’ ಎಂಬ ಟ್ಯಾಬ್ ಇದೆ. ಅಲ್ಲಿ ಹಿಂದಿನ ಕೆಲಸ ಆರಿಸಿ, ಬಗೆ ‘ಫಿನಿಶ್-ಸ್ಟಾರ್ಟ್’ ಇರಲಿ: ಹಿಂದಿನದು ಮುಗಿದ ಮೇಲೆ ಇದು ಶುರು. ಕಾಂಕ್ರೀಟಿನ ಹಿಂದೆ ರಾಡ್ ಒಂದನ್ನೇ ಕೊಂಡಿ ಹಾಕಿ ಬಿಡುವವರು ಬಹಳ. ಪೈಪ್ ಮರೆತರೆ ಕಾಂಕ್ರೀಟಿನ ಬೆಳಿಗ್ಗೆ ಮಿಕ್ಸರ್ ಬಂದು ನಿಂತಿರುತ್ತದೆ, ಕರೆಂಟಿನವರು ಇನ್ನೊಂದು ಸೈಟಿನಲ್ಲಿರುತ್ತಾರೆ. ಅದೇ ಟ್ಯಾಬಿನಲ್ಲಿ ಕೊಂಡಿಯ ಬಿಗಿ ಎರಡು ತರ: ‘ಸ್ಟ್ರಾಂಗ್’ ಹಾಕಿದರೆ ಮುಂದಿನ ಕೆಲಸ ಹಿಂದಿನದಕ್ಕೆ ಅಂಟಿಕೊಂಡೇ ಇರುತ್ತದೆ, ‘ರಬ್ಬರ್’ ಹಾಕಿದರೆ ತಡವಾಗಿ ಶುರುವಾಗಲು ಬಿಡುತ್ತದೆ. ಕಾಂಕ್ರೀಟ್ ಮತ್ತು ನೀರಿನ ನಡುವೆ ಸ್ಟ್ರಾಂಗ್, ಉಳಿದೆಡೆ ರಬ್ಬರ್.

ರಜೆಗಳನ್ನು ಪ್ರಾಜೆಕ್ಟ್ ಪ್ರಾಪರ್ಟೀಸಿನ ಕ್ಯಾಲೆಂಡರಿನಲ್ಲಿ ತುಂಬಬೇಕು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂಥವು ಪ್ರತಿ ವರ್ಷ ಅದೇ ತಾರೀಖು, ಅವನ್ನು ವಾರ್ಷಿಕ ರಜೆಗೆ ಸೇರಿಸಿ. ಎಳ್ಳಮಾವಾಸ್ಯೆ, ಪಂಚಮಿ, ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ದರ್ಗಾದ ಉರುಸು ತಿಥಿ-ಚಂದ್ರನ ಮೇಲೆ ಸರಿಯುತ್ತವೆ. ಅವನ್ನು ಆಯಾ ವರ್ಷದ ಪಂಚಾಂಗ ನೋಡಿ ಒಂದು ಸಲದ ರಜೆಯಾಗಿ ಹಾಕಿ. ಎಳ್ಳಮಾವಾಸ್ಯೆಯ ದಿನ ಊರಿಗೆ, ಹೊಲಕ್ಕೆ ಹೋದ ಕೂಲಿಯವರು ಮರುದಿನವೇ ಬರುತ್ತಾರೆಂದು ನಂಬಬೇಡಿ, ಎರಡು ದಿನ ಬಿಡಿ.

ಇಷ್ಟಾದ ಮೇಲೆ ‘ಕ್ರಿಟಿಕಲ್ ಪಾತ್’ ಗುಂಡಿ ಒತ್ತಿ. ಒಂದು ದಿನ ತಪ್ಪಿದರೂ ಇಡೀ ಯೋಜನೆ ತಡವಾಗುವಂಥ ಕೆಲಸಗಳ ಪಟ್ಟೆ ಎದ್ದು ಕಾಣುತ್ತವೆ. ಬಡಿಗರ ಪಟ್ಟೆ ಎದ್ದು ಕಾಣುವುದಿಲ್ಲ, ಅವರಿಗೆ 16 ದಿನದ ಸಡಿಲಿಕೆ ಇದೆ. ಐದು ದಿನ ತಡ ಮಾಡಿದರೂ ಮನೆ ತಡವಾಗದು. ಪೈಪಿನವರ ಒಂದೇ ದಿನದ ಪಟ್ಟೆ ಎದ್ದು ಕಾಣುತ್ತದೆ, ಅವರು ಒಂದು ದಿನ ತಪ್ಪಿಸಿದರೆ ಎಲ್ಲವೂ ಒಂದು ದಿನ ಹಿಂದೆ. ಯಾರಿಗೆ ಹಿಂದಿನ ದಿನವೇ ಫೋನ್ ಮಾಡಬೇಕು ಅನ್ನುವುದು ಈ ಗುಂಡಿಯಿಂದ ತಿಳಿಯುತ್ತದೆ. ಕೆಲಸ ಶುರುವಾಗುವ ಮುನ್ನ ಒಂದು ‘ಬೇಸ್‌ಲೈನ್’ ಉಳಿಸಿಡಿ. ತಿಂಗಳ ಮೇಲೆ ಯಜಮಾನರು ಲೆಕ್ಕ ಕೇಳಿದಾಗ ಅಂದು ಹಾಕಿದ್ದು, ಇಂದು ಆದದ್ದು ಎರಡನ್ನೂ ಮೇಲೆ-ಕೆಳಗೆ ಇಟ್ಟು ತೋರಿಸಬಹುದು.

ಕನ್ನಡದಲ್ಲಿ ಬರೆಯುವವರಿಗೆ

ಹಳೆಯ ‘ನುಡಿ’ ತಂತ್ರಾಂಶದ, ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಇವುಗಳಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯುನಿಕೋಡಿಗೆ ಪರಿವರ್ತಿಸಿಯೇ ತನ್ನಿ. ಹೊಸದಾಗಿ ಟೈಪ್ ಮಾಡಲು ವಿಂಡೋಸ್ ಸೆಟ್ಟಿಂಗ್ಸಿನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿ, ಫೊನೆಟಿಕ್ ಕೀಬೋರ್ಡ್ ಆರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಊರಿನ ಹೆಸರು ಒಂದೇ ತರ ಬರೆಯಿರಿ. ‘ಕಲಬುರಗಿ’, ‘ಕಲಬುರ್ಗಿ’, ‘ಗುಲಬರ್ಗಾ’ ತಂತ್ರಾಂಶಕ್ಕೆ ಮೂರು ಬೇರೆ ಊರು, ಹುಡುಕಿದರೆ ಒಂದು ಸಿಕ್ಕು ಎರಡು ತಪ್ಪುತ್ತವೆ. ಗ್ಯಾಂಟ್‌ಪ್ರಾಜೆಕ್ಟಿನಿಂದ ಪಿಡಿಎಫ್ ತೆಗೆಯುವ ಮೊದಲು ‘ಕಾಂಕ್ರೀಟ್’, ‘ಚೌಕಟ್ಟು’ ಎಂಬ ಎರಡು ಪದವಿರುವ ಪುಟ ಪ್ರಿಂಟ್ ಹಾಕಿ ನೋಡಿ. ಒತ್ತಕ್ಷರ ಒಡೆದಿದ್ದರೆ ಚಿತ್ರವಾಗಿ, ಅಂದರೆ ಪಿಎನ್‌ಜಿ ಆಗಿ ತೆಗೆದು ಪ್ರಿಂಟ್ ಹಾಕಿ.

ಯಂತ್ರ, ಕರೆಂಟ್

ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ನೋಡಿ. 4 ಜಿಬಿಯ ಕಂಪ್ಯೂಟರಿನಲ್ಲಿ ಬ್ರೌಸರ್, ಟ್ಯಾಲಿ ತೆರೆದಾಗಲೇ ಮುಕ್ಕಾಲು ತುಂಬಿದ್ದರೆ ಟ್ರೆಲ್ಲೋವನ್ನು ಬೇರೆ ಆ್ಯಪ್ ಆಗಿ ಹಾಕಬೇಡಿ, ಬ್ರೌಸರಿನ ಒಂದು ಟ್ಯಾಬಿನಲ್ಲೇ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆ ಯಂತ್ರಕ್ಕೆ ಲಿನಕ್ಸ್ ಹಾಕುವ ಯೋಚನೆ ಇದ್ದರೆ ಅದರಲ್ಲಿ ನಡೆಯುವ ತಂತ್ರಾಂಶವನ್ನೇ ಈಗ ಆರಿಸಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಗ್ಯಾಂಟ್ ಫೈಲ್ ತೆರೆದು ಕೂತಾಗ ಪ್ರತಿ ಬದಲಾವಣೆಗೂ ಕಂಟ್ರೋಲ್ ಎಸ್ ಒತ್ತುವ ರೂಢಿ ಇರಲಿ.

ಹೊರಬರುವ ಬಾಗಿಲು

ತುಂಬಿದ ಮಾಹಿತಿಯನ್ನು ನಾಳೆ ಹೊರಗೆ ತೆಗೆಯಲು ಬರುತ್ತದೆಯೇ? ಒಳಗೆ ಹೋಗುವ ಮೊದಲೇ ಇದನ್ನು ನೋಡಿಕೊಳ್ಳಿ. ಟ್ರೆಲ್ಲೋ ಉಚಿತ ಯೋಜನೆಯಲ್ಲಿ ಜೇಸನ್ (ತಂತ್ರಾಂಶಗಳು ಓದುವ ಬರಹ) ರೂಪದಲ್ಲಿ ಮಾತ್ರ ಕೊಡುತ್ತದೆ, ಎಕ್ಸೆಲ್‌ನಲ್ಲಿ ಕೋಷ್ಟಕವಾಗಿ ತೆರೆಯುವ ಸಿಎಸ್‌ವಿಗೆ ದುಡ್ಡು. ಟು ಡೂನಲ್ಲಿ ನೇರ ರಫ್ತಿನ ಗುಂಡಿ ಇಲ್ಲ, ಔಟ್‌ಲುಕ್ ಮೂಲಕ ಸುತ್ತಿ ಬರಬೇಕು. ಗ್ಯಾಂಟ್‌ಪ್ರಾಜೆಕ್ಟ್ ಸಿಎಸ್‌ವಿ ಸರಾಗವಾಗಿ ಕೊಡುತ್ತದೆ.

ಸಿಎಸ್‌ವಿ ಕೊಡುವ ತಂತ್ರಾಂಶವಾದರೆ ಮೊದಲು ಕನ್ನಡದಲ್ಲಿ ಐದು ಕೆಲಸ, ಐದು ತಾರೀಖು ತುಂಬಿ, ಸಿಎಸ್‌ವಿ ತೆಗೆದು ಎಕ್ಸೆಲ್‌ನಲ್ಲಿ ತೆರೆಯಿರಿ. ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಕೆಟ್ಟು ಕಾಣಬಹುದು. ಹಾಗಾದರೆ ಖಾಲಿ ಎಕ್ಸೆಲ್ ತೆರೆದು, ‘ಡೇಟಾ’ ಮೆನುವಿನ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ, ಫೈಲ್ ಒರಿಜಿನ್ ಜಾಗದಲ್ಲಿ 65001 ಯುನಿಕೋಡ್ ಆರಿಸಿ. ಜೂನ್ 5 ಎಂಬುದು ಮೇ 6 ಆಗಿ ಬಂದರೆ ವಿಂಡೋಸಿನ ರೀಜನ್ ಅಮೆರಿಕದಲ್ಲಿದೆ ಎಂದರ್ಥ. ಭಾರತಕ್ಕೆ ಬದಲಿಸಿ ಮತ್ತೊಮ್ಮೆ ತೆಗೆಯಿರಿ. ಐದೂ ಸಾಲು, ಐದೂ ತಾರೀಖು ಸರಿಯಾಗಿ ಬಂದ ಮೇಲೆಯೇ ಉಳಿದ ಕೆಲಸ ತುಂಬಲು ಕೂಡಿ.