ಲಿವರ್‌ನಲ್ಲಿ ಬಿಳಿ ಗಡ್ಡೆ ಕಂಡಾಗ ನಾನು ನೋಡುವ ಕ್ರಮ

ವಿಜಯಪುರದಲ್ಲಿ ರೇಡಿಯಾಲಜಿ ಕೆಲಸ ಮಾಡುತ್ತೇನೆ. ನನ್ನ ಕಣ್ಣಿಗೆ ಬೀಳುವ ಹಿಮ್ಯಾಂಜಿಯೋಮಾಗಳಲ್ಲಿ ಹೆಚ್ಚಿನವು ಯಾರೂ ಹುಡುಕದೇ ಸಿಕ್ಕವು. ಪಿತ್ತಕೋಶದ ಕಲ್ಲಿಗೆಂದು ಸೋನೋಗ್ರಫಿಗೆ ಬರುತ್ತಾರೆ, ಲಿವರ್‌ನಲ್ಲಿ ಅಂಚು ಸ್ಪಷ್ಟವಾಗಿರುವ ದುಂಡನೆಯ ಬಿಳಿ ಗಡ್ಡೆ ಕಾಣುತ್ತದೆ. ಹಿಮ್ಯಾಂಜಿಯೋಮಾ ಅಂದರೆ ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ. ಆದರೂ ಗಡ್ಡೆ ಅಂದ ಕೂಡಲೇ ಮನೆಯವರಿಗೆ ಜೀವವೇ ಹೋದಂತಾಗುತ್ತದೆ.

ರಕ್ತನಾಳಗಳ ಗಡ್ಡೆ ಅಂದಮೇಲೆ, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನಲ್ಲಿ ಬಣ್ಣ ತುಂಬಿರಬೇಕು ಅಂತ ಹೊಸದಾಗಿ ಕಲಿಯುವವರು ಅಂದುಕೊಳ್ಳುತ್ತಾರೆ. ಹಾಗಿರುವುದಿಲ್ಲ. ಒಳಗೆ ರಕ್ತ ಬಹಳ ನಿಧಾನ ಹರಿಯುತ್ತದೆ, ಹೆಚ್ಚಿನ ಸಲ ಬಣ್ಣವೇ ಕಾಣಿಸುವುದಿಲ್ಲ. ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಇದ್ದರೆ ಗಡ್ಡೆ ಬಿಳಿಯ ಬದಲು ಕಪ್ಪಾಗಿಯೂ ಕಾಣಬಹುದು. ಗಡ್ಡೆ ಸಣ್ಣದು, ನೋಟ ಸರಿಯಾಗಿದೆ, ಲಿವರ್ ಕಾಯಿಲೆಯಾಗಲಿ ಕ್ಯಾನ್ಸರ್ ಆಗಲಿ ಇಲ್ಲ ಅಂದರೆ ನಾನು ಮುಂದಿನ ಸ್ಕ್ಯಾನ್ ಬರೆಯುವುದಿಲ್ಲ.

ಇಂಡಿ ಕಡೆಯ ಒಬ್ಬ ತಾಯಿಯ ವಿಷಯ ಬೇರೆ. ಅವರಿಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು, ಹಾಗಾಗಿ ಲಿವರ್‌ನ ಗಡ್ಡೆ ಅದೇ ಹರಡಿದ್ದೂ ಇರಬಹುದಿತ್ತು. "ಡಾಕ್ಟ್ರ, ಸ್ವಲ್ಪ ತುಣುಕು ತಗದು ಟೆಸ್ಟಿಗೆ ಕಳಸ್ರಿ" ಅಂದರು ಅವರ ಮಗ. "ತಡೀರಿ, ಸೂಜಿ ಹಾಕಿದ್ರ ಇದು ರಕ್ತ ಸುರಿಸಬಹುದು. ಮೊದಲ ಚಿತ್ರ ನೋಡೂಣು" ಅಂದೆ. ಅವರು ತಂದಿದ್ದ ಹೊರಗಿನ ಸಿಟಿ ಸ್ಕ್ಯಾನ್‌ನಲ್ಲಿ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ, ಚಿತ್ರದಲ್ಲಿ ಬೆಳಗುವ ಔಷಧ) ಕೊಟ್ಟ ಮೇಲೆ ಒಂದೇ ಸಲ ಚಿತ್ರ ತೆಗೆದಿದ್ದರು. ಅದರಿಂದ ಖಚಿತವಾಗಿ ಹೇಳಲು ಬರುವುದಿಲ್ಲ.

ಈ ಗಡ್ಡೆಯ ಗುರುತು ಇರುವುದೇ ಅದು ತುಂಬುವ ರೀತಿಯಲ್ಲಿ. ಕಾಂಟ್ರಾಸ್ಟ್ ಕೊಟ್ಟ ಅರ್ಧ ನಿಮಿಷಕ್ಕೆ ಅಂಚಿನಲ್ಲಿ ಅಲ್ಲಲ್ಲಿ ಬೆಳಗಿದ ಗಂಟುಗಳು ಕಾಣುತ್ತವೆ, ನಡುವೆ ಖಾಲಿ. ಸುಮಾರು 70 ಸೆಕೆಂಡಿಗೆ ಅವು ಒಳಗೆ ಹಬ್ಬುತ್ತವೆ. 3ರಿಂದ 5 ನಿಮಿಷ ಕಾದರೆ ಗಡ್ಡೆ ಬಹುಪಾಲು ತುಂಬಿರುತ್ತದೆ. ಪ್ರತಿ ಹಂತದಲ್ಲೂ ಪಕ್ಕದ ಮಹಾಧಮನಿ ಜೊತೆ ಹೋಲಿಸುತ್ತೇನೆ, ಬೆಳಗಿದ ಭಾಗ ರಕ್ತದಷ್ಟೇ ಬೆಳಗಬೇಕು. ಹರಡಿದ ಕ್ಯಾನ್ಸರ್ ಆದರೆ ಅಂಚು ಸಾಮಾನ್ಯವಾಗಿ ಬಿಡದೆ ಉಂಗುರದಂತೆ ಕಾಣುತ್ತದೆ. ಲಿವರ್‌ನದೇ ಕ್ಯಾನ್ಸರ್ ಹೆಚ್ಚಾಗಿ ಬೇಗ ಬೆಳಗಿ ಆಮೇಲೆ ಮಂಕಾಗುತ್ತದೆ. ತೀರಾ ಸಣ್ಣ ಹಿಮ್ಯಾಂಜಿಯೋಮಾ ಒಂದೇ ಏಟಿಗೆ ತುಂಬಬಹುದು, ಆದರೆ ಮಂಕಾಗುವುದಿಲ್ಲ.

ಆ ತಾಯಿಗೆ ಎಂಆರ್‌ಐ ಮಾಡಿಸಿದೆ. ಅದರಲ್ಲಿ ವಿಕಿರಣ ಇಲ್ಲ, ಟಿ2 ಎಂಬ ಬಗೆಯ ಚಿತ್ರದಲ್ಲಿ ಹಿಮ್ಯಾಂಜಿಯೋಮಾ ಹೊತ್ತಿಸಿದ ಬಲ್ಬಿನಂತೆ ಬೆಳ್ಳಗೆ ಕಾಣುತ್ತದೆ. ಅಷ್ಟಕ್ಕೇ ನಂಬಬಾರದು. ನೀರಿನ ಚೀಲವೂ, ಕೆಲವು ಕ್ಯಾನ್ಸರ್‌ಗಳೂ ಅಷ್ಟೇ ಬಿಳಿ ಇರುತ್ತವೆ. ಅದಕ್ಕೇ ಕಾಂಟ್ರಾಸ್ಟ್ ಕೊಟ್ಟು, ಕೊನೆಯ ಚಿತ್ರದವರೆಗೂ ಕಾದೆ. ಅಂಚಿನಿಂದ ಒಳಕ್ಕೆ, ರಕ್ತದಷ್ಟೇ ಬೆಳಕಿನಲ್ಲಿ, ನಿಧಾನಕ್ಕೆ ತುಂಬಿತು.

ರಿಪೋರ್ಟಿನಲ್ಲಿ 'ಬಯಾಪ್ಸಿ ಬೇಡ' ಎಂದು ಬೇರೆ ಸಾಲಿನಲ್ಲೇ ಬರೆದೆ. ಮುಂದೆ ಆ ತಾಯಿ ಯಾವ ಡಾಕ್ಟರ್ ಹತ್ತಿರ ಹೋದರೂ, ಆ ಡಾಕ್ಟರ್‌ಗೆ ಅದು ಮೊದಲು ಕಾಣಬೇಕು ಅಲ್ವಾ?