ಕರು ಹಾಕಿ ಹತ್ತೇ ದಿನಕ್ಕೆ ಕೊಟ್ಟ ಇಂಜೆಕ್ಷನ್

ನಾನು ದನದ ಡಾಕ್ಟ್ರು, ಕಾಸರಗೋಡಿನ ಬದಿಯಡ್ಕ ನೀರ್ಚಾಲು ಪೆರ್ಲ ಕಡೆ ಹಟ್ಟಿ ಹಟ್ಟಿ ತಿರುಗೋದೇ ಕೆಲಸ. ಶುರುವಿನ ವರ್ಷ ಪೆರ್ಲದ ಹತ್ತಿರದ ಒಬ್ಬರು ಅಕ್ಕ ಫೋನ್ ಮಾಡಿ, "ಡಾಕ್ಟ್ರೇ, ಜೆರ್ಸಿ ಕ್ರಾಸ್ ಕರು ಹಾಕಿ 10 ದಿನ ಆಯ್ತು, ಹೋದ ಸಲ ಬೆದೆಗೆ ಬರ್ಲಿಕ್ಕೇ ಆರು ತಿಂಗಳಾಗಿತ್ತು, ಈ ಸಲ ಬೇಗ ಒಂದು ಇಂಜೆಕ್ಷನ್ ಕೊಡಿ ಮಾರಾಯ್ರೇ" ಅಂದ್ರು. ನಾನೂ ಒಪ್ಪಿ ಬ್ಯೂಸೆರೆಲಿನ್ (ಮೆದುಳಿನ ಜಿಎನ್‌ಆರ್‌ಎಚ್ ಹಾರ್ಮೋನಿನ ಹಾಗೇ ಕೆಲಸ ಮಾಡೋ ಔಷಧ) 10 ಮೈಕ್ರೋಗ್ರಾಂ ಹಾಕಿದೆ. ವಾರ ಬಿಟ್ಟು ಕೈ ಹಾಕಿ ನೋಡಿದ್ರೆ ಅಂಡಾಶಯ ಎರಡೂ ಬದಿ ನುಣ್ಣಗೆ, ಎಂತದೂ ಇಲ್ಲ. ಅವರ ದುಡ್ಡು ಹೋಯ್ತಲ್ಲ ಅಂತ ತುಂಬಾ ದಿನ ಕೊರೀತಿತ್ತು.

ಆಮೇಲೆ ಕೂತು ಓದಿದಾಗ ಗೊತ್ತಾಯ್ತು. ಗಬ್ಬದ ಒಂಬತ್ತು ತಿಂಗಳೂ ಗಬ್ಬ ಕಾಯೋ ಪ್ರೊಜೆಸ್ಟರಾನ್ ಹಾರ್ಮೋನು ಏರಿಯೇ ಇರುತ್ತೆ, ಕೊನೆಗೆ ಈಸ್ಟ್ರೊಜೆನ್ ಅನ್ನೋ ಹೆಣ್ಣು ಹಾರ್ಮೋನು ಕೂಡ ಏರುತ್ತೆ, ಎರಡೂ ಸೇರಿ ಮೆದುಳು ಬಿಟ್ಟು ಬಿಟ್ಟು ಹೊರಬಿಡೋ ಜಿಎನ್‌ಆರ್‌ಎಚ್ ಬಡಿತವನ್ನ ಅದುಮಿಡ್ತವೆ. ಆ ಬಡಿತ ಬಂದ್ರೇನೇ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಇಜಿಆರ್-1 ಅನ್ನೋ ಪ್ರೊಟೀನ್ ಎದ್ದು, ಅಂಡ ಬಿಡಿಸೋ ಎಲ್‌ಎಚ್ ಹಾರ್ಮೋನಿನ ಬೀಟಾ ಜೀನ್ ಆನ್ ಮಾಡೋದು, ಇಲ್ಲದಿದ್ರೆ ಜೀನ್ ತಣ್ಣಗಾಗಿ ಎಲ್‌ಎಚ್ ದಾಸ್ತಾನು ಖಾಲಿ ಆಗ್ತಾ ಹೋಗುತ್ತೆ. ಅಂಡದ ಕೋಶ ಬೆಳೆಸೋ ಎಫ್‌ಎಸ್‌ಎಚ್ ಹಾರ್ಮೋನು ಹಾಗಲ್ಲ, ಅದನ್ನ ಹೆಚ್ಚು ಕೂಡಿಡೋದಿಲ್ಲ, ಮಾಡಿದ ಹಾಗೇ ಹೊರಗೆ ಹೋಗುತ್ತೆ, ಕರು ಹಾಕಿದ ಕೆಲವೇ ದಿನಕ್ಕೆ ಏರುತ್ತೆ. ಎಲ್‌ಎಚ್ ಮಾತ್ರ ಮತ್ತೆ ತುಂಬ್ಲಿಕ್ಕೆ 2ರಿಂದ 4 ವಾರ ಬೇಕು. ನಮ್ಮ ಕಡೆ ಗುಡ್ಡ ಕೊರೆದ ಸುರಂಗದ ನೀರು ಸಣ್ಣಗೆ ಇಳಿದು ಟ್ಯಾಂಕಿ ತುಂಬ್ಬೇಕಲ್ವಾ, ಖಾಲಿ ಟ್ಯಾಂಕಿಯ ನಲ್ಲಿ ತಿರುಗಿಸಿದ ಹಾಗೆ ಆಗಿತ್ತು ನನ್ನ ಇಂಜೆಕ್ಷನ್.

ಅದೇ ದನ ಮುಂದಿನ ಕರು ಹಾಕಿದಾಗ 60 ದಿನ ಕಾದೆ. ಮೊದಲು ಹಿಂಡಿ, ಮಿನರಲ್ ಮಿಕ್ಸ್ಚರ್ ಸರಿ ಮಾಡಿಸಿದೆ, ಯಾಕಂದ್ರೆ ಪಕ್ಕೆಲುಬು ಕಾಣೋ ದನದಲ್ಲಿ ಜಿಎನ್‌ಆರ್‌ಎಚ್ ಬಡಿತ ಸರಿಯಾಗಿ ಎದ್ದು ಬರೋದಿಲ್ಲ. ಆಮೇಲೆ ಪ್ರೊಜೆಸ್ಟರಾನ್ 1.38 ಗ್ರಾಂ ಇರೋ ಸಿಲಿಕೋನ್ ಸಾಧನ ಯೋನಿಯೊಳಗೆ 7 ದಿನ. ಬೆದೆ ಬರಿಸ್ಲಿಕ್ಕೆ ಬೆದೆ ತಡೆಯೋ ಹಾರ್ಮೋನು ಯಾಕೆ ಅಂತ ಅಕ್ಕ ಕೇಳಿದ್ರು, ಒಳ್ಳೇ ಪ್ರಶ್ನೆ. ಮೆದುಳಿಗೆ ಮೊದಲು ಪ್ರೊಜೆಸ್ಟರಾನ್ ತಾಗಿ ಆಮೇಲೆ ಅದು ಹೋಗ್ಬೇಕು, ಇಲ್ಲಾಂದ್ರೆ ಅಂಡ ಬಿಟ್ರೂ ದನ ಬೆದೆ ತೋರಿಸದೆ ಸುಮ್ಮನಿರುತ್ತೆ.

7ನೇ ದಿನ ಪ್ರೊಸ್ಟಗ್ಲಾಂಡಿನ್ (ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ಮಾಡೋ ಗಂಟು ಇದ್ರೆ ಕರಗಿಸೋ ಔಷಧ) ಕೊಟ್ಟು, ಸಾಧನದ ನೈಲಾನ್ ಬಾಲ ಹಿಡಿದು ಮೆಲ್ಲ ಎಳೆದೆ. ತೆಗೆದ ಮೇಲೆ ಬಡಿತ ಜೋರಾಗುತ್ತೆ, ಹೆಚ್ಚುಕಮ್ಮಿ ಗಂಟೆಗೊಂದು, ಬಡಿತ ನಿಧಾನ ಇದ್ರೆ ಎಫ್‌ಎಸ್‌ಎಚ್ ಬೀಟಾ ಜೀನ್‌ಗೆ ಅನುಕೂಲ, ಜೋರಾದ್ರೆ ಎಲ್‌ಎಚ್ ಬೀಟಾಕ್ಕೆ. ಕಮ್ಮಿ ಇರುವಾಗ ಎಲ್‌ಎಚ್ ಅನ್ನು ಹಿಡಿದಿಡೋ ಈಸ್ಟ್ರೊಜೆನ್ನೇ ಏರಿ ನಿಂತಾಗ ಪಿಟ್ಯುಟರಿಯಲ್ಲಿ ಜಿಎನ್‌ಆರ್‌ಎಚ್ ರಿಸೆಪ್ಟರ್ (ಹಾರ್ಮೋನು ಹಿಡಿಯೋ ಜಾಗ) ಹೆಚ್ಚಿಸಿ, ಕೂಡಿಟ್ಟ ಎಲ್‌ಎಚ್ ಒಂದೇ ಸಲ ನುಗ್ಗೋ ಹಾಗೆ ಮಾಡುತ್ತೆ, ಈ ತಿರುವು ನಂಗೆ ಇವತ್ತಿಗೂ ಆಶ್ಚರ್ಯ. ಅಲ್ಲಿಂದ ಸುಮಾರು 28 ಗಂಟೆಗೆ ಅಂಡ ಬಿಡುತ್ತೆ.

ಎರಡನೇ ದಿನ ಬೆಳಿಗ್ಗೆ ಫೋನ್, "ಡಾಕ್ಟ್ರೇ, ಕೂಗ್ತಾ ಉಂಟು, ಮೊಟ್ಟೆಯ ಬಿಳಿ ಹಾಗೆ ಲೋಳೆ ನೇತಾಡ್ತಾ ಉಂಟು!" ಸಂಜೆ ಹೋಗಿ ಎಐ (ಕೃತಕ ಗರ್ಭಧಾರಣೆ) ಮಾಡಿದೆ. ಎರಡೂವರೆ ತಿಂಗಳು ಕಳೆದು ಕೈ ಹಾಕಿದಾಗ ಗರ್ಭಕೋಶದ ಬಲಕೊಂಬು ದಪ್ಪಗೆ ನೀರು ತುಂಬಿದ ಹಾಗೆ ಸಿಕ್ತು, ಅಕ್ಕ ಹಟ್ಟಿ ಬಾಗಿಲಲ್ಲೇ ನಿಂತು ನನ್ನ ಮುಖವನ್ನೇ ನೋಡ್ತಿದ್ರು.